ಹುಳ ಸಾಯುವ ಜಾಗ

ಫೆಬ್ರುವರಿ 10 ಮತ್ತು ಆಗಸ್ಟ್ 10 ರಾಷ್ಟ್ರೀಯ ಜಂತುಹುಳು ನಿವಾರಣೆಗೆಂದು ಗೊತ್ತುಮಾಡಿದ ದಿನಗಳು. 2015ರಲ್ಲಿ ಶುರುವಾದ ಈ ಕಾರ್ಯಕ್ರಮದಲ್ಲಿ 1ರಿಂದ 19 ವರ್ಷದೊಳಗಿನ ಎಲ್ಲರಿಗೂ ಅಲ್ಬೆಂಡಜೋಲ್ ಮಾತ್ರೆ ಕೊಡುತ್ತಾರೆ. ಕೊಡಗಿನಲ್ಲಿ ಮಡಿಕೇರಿ ಪೇಟೆಯ ಶಾಲೆಗೂ ಅದೇ ಮಾತ್ರೆ, ನಾಗರಹೊಳೆ ಅಂಚಿನ ಹಾಡಿಯ ಅಂಗನವಾಡಿಗೂ ಅದೇ ಮಾತ್ರೆ. 400 ಮಿಲಿಗ್ರಾಂ, ಅಗಿದು ನುಂಗಬೇಕು. ಯಾರ ಹೊಟ್ಟೆಯಲ್ಲಿ ಹುಳವಿದೆ, ಯಾರಲ್ಲಿ ಇಲ್ಲ ಎಂದು ಮೊದಲೇ ಪರೀಕ್ಷಿಸುವುದಿಲ್ಲ. ಇದೇ ಔಷಧವನ್ನು ಬೆಂಗಳೂರಿನ ನಿಮ್ಹಾನ್ಸ್‌ನಂಥ ನರರೋಗ ಆಸ್ಪತ್ರೆಯಲ್ಲಿ, ಮಿದುಳಿನೊಳಗೆ ಹುಳದ ಚೀಲ ಬೆಳೆದಿರುವ ರೋಗಿಗೆ ಕೊಡಬೇಕಾದರೆ ಕತೆಯೇ ಬೇರೆ. ಮೊದಲು ಮಿದುಳಿನ ಸ್ಕ್ಯಾನ್ ಆಗಬೇಕು, ಕಣ್ಣಿನ ಒಳಪದರ ನೋಡಬೇಕು, ಊತ ತಡೆಯಲು ಸ್ಟೀರಾಯ್ಡ್ ಶುರುವಾಗಬೇಕು. ಕೆಲವರಿಗಂತೂ ಅದನ್ನು ಕೊಡಲೇಬಾರದು. ಇವೆರಡನ್ನೂ ಒಟ್ಟಿಗೆ ಕಂಡವರಿಗೆ ಶಾಲೆಯವರದು ಉಡಾಫೆ ಅನ್ನಿಸಬಹುದು, ಇಲ್ಲವೇ ಆಸ್ಪತ್ರೆಯವರದು ಅತಿ ಭಯ ಅನ್ನಿಸಬಹುದು. ಎರಡೂ ಸರಿಯಲ್ಲ. ಹುಳದ ಮಾತ್ರೆಯ ಅಪಾಯವನ್ನು ಬರೀ ಮಾತ್ರೆಯೊಳಗೆ ಹುಡುಕಿದರೆ ಸಿಗುವುದಿಲ್ಲ. ಸಾಯುವ ಹುಳ ಮೈಯಲ್ಲಿ ಎಲ್ಲಿ ಕೂತಿದೆ, ಎಷ್ಟು ಸಂಖ್ಯೆಯಲ್ಲಿದೆ ಎಂಬುದು ಅಷ್ಟೇ ಮುಖ್ಯ. ಈ ಅಧ್ಯಾಯದ ವಾದ ಇಷ್ಟೇ. ಆದರೆ ಇದನ್ನು ಒಪ್ಪಿದರೆ ನಮ್ಮ ನಿತ್ಯದ ಎಷ್ಟೋ ಅಭ್ಯಾಸಗಳನ್ನು ತಿದ್ದಿಕೊಳ್ಳಬೇಕಾಗುತ್ತದೆ.

ಮೊದಲು ಕರುಳಿನ ಹುಳವನ್ನು ನೋಡೋಣ. ಕೊಡಗಿನ ನೆಲ ಕೊಕ್ಕೆಹುಳಕ್ಕೆ ಹೇಳಿ ಮಾಡಿಸಿದಂತಿದೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಕಾಫಿ ಬೆಳೆಯುವುದು ಮರದ ನೆರಳಿನಲ್ಲಿ. ಗಿಡದ ಬುಡದಲ್ಲಿ ತರಗೆಲೆ ಕೊಳೆತು ಮಣ್ಣು ಸಡಿಲವಾಗಿ, ತೇವವಾಗಿ ಇರುತ್ತದೆ, ಬಿಸಿಲು ನೇರವಾಗಿ ತಾಗುವುದೇ ಇಲ್ಲ. ಸೋಂಕಿರುವವರೊಬ್ಬರು ಇಂಥ ಜಾಗದಲ್ಲಿ ಮಲ ವಿಸರ್ಜಿಸಿದರೆ ಅದರಲ್ಲಿರುವ ಮೊಟ್ಟೆ ಒಂದೆರಡು ದಿನದಲ್ಲಿ ಒಡೆಯುತ್ತದೆ. ವಾರ ಹತ್ತು ದಿನದೊಳಗೆ ಮರಿ ಚರ್ಮ ಕೊರೆಯುವಷ್ಟು ಬಲಿತು, ಆ ತಂಪಿನಲ್ಲಿ ಮೂರು ನಾಲ್ಕು ವಾರ ಬದುಕಿರುತ್ತದೆ. ಬರಿಗಾಲು ಅದರ ಮೇಲೆ ಬಿದ್ದರೆ ಬೆರಳ ಸಂದಿಯ ತೆಳು ಚರ್ಮದಿಂದ ಒಳಹೊಕ್ಕು, ರಕ್ತದಲ್ಲಿ ತೇಲಿ ಶ್ವಾಸಕೋಶ ಸೇರಿ, ಕೆಮ್ಮಿನೊಂದಿಗೆ ಗಂಟಲಿಗೆ ಬಂದು, ಎಂಜಲಿನ ಜೊತೆ ಹೊಟ್ಟೆಗಿಳಿದು, ಕೊನೆಗೆ ಸಣ್ಣಕರುಳಿನ ಗೋಡೆ ಕಚ್ಚಿ ಹಿಡಿಯುತ್ತದೆ. ಒಂದು ಸೆಂಟಿಮೀಟರ್ ಉದ್ದದ ಈ ಹುಳ ಹೀರುವ ರಕ್ತ ದಿನಕ್ಕೆ ಒಂದು ಹನಿಗೂ ಕಡಿಮೆ ಇರಬಹುದು. ಆದರೆ ನೂರಾರು ಹುಳ ಸೇರಿ ವರ್ಷಗಟ್ಟಲೆ ಹೀರಿದರೆ, ಊಟದಲ್ಲಿ ಕಬ್ಬಿಣದ ಅಂಶ ಮೊದಲೇ ಕಡಿಮೆ ಇರುವ ಹೆಂಗಸಿಗೆ ಉಬ್ಬು ಹತ್ತುವುದೂ ಕಷ್ಟವಾಗುತ್ತದೆ.

ಕರುಳಿನ ಹುಳಕ್ಕೆ ಅಲ್ಬೆಂಡಜೋಲ್ ಮಾಡುವ ಕೆಲಸ ನಿಧಾನದ್ದು. ಹುಳದ ಜೀವಕೋಶಗಳಲ್ಲಿ ಸೂಕ್ಷ್ಮ ನಳಿಕೆಗಳನ್ನು ಕಟ್ಟುವ ಟ್ಯೂಬುಲಿನ್ ಎಂಬ ಪ್ರೋಟೀನಿಗೆ ಅದು ಅಂಟಿಕೊಳ್ಳುತ್ತದೆ. ನಳಿಕೆ ಕಟ್ಟಲಾಗದ ಹುಳಕ್ಕೆ ಸಕ್ಕರೆ ಹೀರಲಾಗುವುದಿಲ್ಲ, ಉಪವಾಸ ಬಿದ್ದು ಕೆಲವು ದಿನಗಳಲ್ಲಿ ಸಾಯುತ್ತದೆ. ಮನುಷ್ಯನ ಟ್ಯೂಬುಲಿನ್‌ಗೆ ಈ ಔಷಧ ಅಷ್ಟು ಬಿಗಿಯಾಗಿ ಅಂಟುವುದಿಲ್ಲ. ಅದಕ್ಕಿಂತ ದೊಡ್ಡ ರಕ್ಷಣೆ ಇನ್ನೊಂದಿದೆ: ನೀರಿನಲ್ಲಿ ಸುಲಭವಾಗಿ ಕರಗದ ಈ ಔಷಧದಲ್ಲಿ ನೂರಕ್ಕೆ 5 ಪಾಲೂ ರಕ್ತಕ್ಕೆ ಸೇರುವುದಿಲ್ಲ. ಮಿಕ್ಕದ್ದೆಲ್ಲ ಕರುಳಿನಲ್ಲೇ, ಅಂದರೆ ಹುಳವಿರುವ ಜಾಗದಲ್ಲೇ ಉಳಿಯುತ್ತದೆ. ಸತ್ತ ಹುಳ ಮಲದೊಂದಿಗೆ ಹೊರಹೋಗುತ್ತದೆ, ಎಷ್ಟೋ ಸಲ ಅರ್ಧ ಜೀರ್ಣವಾಗಿ ಕಣ್ಣಿಗೂ ಬೀಳುವುದಿಲ್ಲ. ಹುಳ ಬೀಳಲಿಲ್ಲ, ಮಾತ್ರೆ ಕೆಲಸ ಮಾಡಲಿಲ್ಲ ಎಂದು ಮಾರನೆಯ ದಿನ ಮತ್ತೊಂದು ನುಂಗಿಸುವುದು ಈ ಕಾರಣಕ್ಕೇ ತಪ್ಪು.

ಈ ಒಂದು ಮಾತ್ರೆಯ ಸುರಕ್ಷತೆಗೆ ಇರುವಷ್ಟು ಪುರಾವೆ ಬೇರೆ ಕೆಲವೇ ಔಷಧಗಳಿಗಿದೆ. ಉತ್ತರ ಪ್ರದೇಶದಲ್ಲಿ ಅಂಗನವಾಡಿ ವಯಸ್ಸಿನ ಸುಮಾರು 10 ಲಕ್ಷ ಮಕ್ಕಳನ್ನು ಒಳಗೊಂಡ 'ದೇವತಾ' ಎಂಬ ಅಧ್ಯಯನದಲ್ಲಿ ಆರು ತಿಂಗಳಿಗೊಮ್ಮೆ ಅಲ್ಬೆಂಡಜೋಲ್ ಕೊಟ್ಟು ಐದು ವರ್ಷ ಗಮನಿಸಿದರು. ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಮಾತ್ರೆ ತೆಗೆದುಕೊಂಡ ಕಡೆ ಸಾವು ಹೆಚ್ಚಲಿಲ್ಲ. ಆದರೆ ಹೇಳಿಕೊಳ್ಳುವಂತೆ ಕಡಿಮೆಯೂ ಆಗಲಿಲ್ಲ, ಮಕ್ಕಳ ತೂಕದಲ್ಲೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಸಾಮೂಹಿಕ ಮಾತ್ರೆ ವಿತರಣೆಯನ್ನು ಟೀಕಿಸುವವರು ಈ ಎರಡನೆಯ ಭಾಗವನ್ನೇ ಎತ್ತಿ ಹಿಡಿಯುತ್ತಾರೆ. ಅವರ ಮಾತನ್ನು ತಳ್ಳಿಹಾಕಬಾರದು. ಸುರಕ್ಷಿತ ಎಂದ ಮಾತ್ರಕ್ಕೆ ಎಲ್ಲ ಕಡೆ ಉಪಯುಕ್ತ ಎಂದಾಗುವುದಿಲ್ಲ, ಹುಳದ ಹೊರೆ ಹಗುರವಾಗಿರುವ ಕಡೆ ಲಾಭವೂ ಹಗುರವೇ. ಆದರೆ ಅಲ್ಲಿಯ ಬಯಲುಸೀಮೆಯ ಫಲಿತಾಂಶವನ್ನು ಮಳೆನಾಡಿನ ತೋಟಗಳಿಗೆ ನೇರವಾಗಿ ಹೊಂದಿಸಲಾಗದು. ಇಲ್ಲಿ ಮಾತ್ರೆ ಎಷ್ಟು ಬೇಕು ಎಂಬುದನ್ನು ಇಲ್ಲಿಯದೇ ಮಲಪರೀಕ್ಷೆ ತೀರ್ಮಾನಿಸಬೇಕು. ಇನ್ನು ಮಾತ್ರೆ ನುಂಗಿದ ಮಕ್ಕಳಿಗೆ ಹೊಟ್ಟೆನೋವು, ವಾಂತಿ, ತಲೆಸುತ್ತು ಎಂಬ ಸುದ್ದಿ ಆಗಾಗ ಬರುತ್ತದೆ. ಹುಳ ಹೆಚ್ಚಿರುವ ಮಗುವಿನಲ್ಲಿ ಇಂಥ ತೊಂದರೆ ಹೆಚ್ಚು, ಒಬ್ಬರನ್ನು ಕಂಡು ಇನ್ನೊಬ್ಬರು ಗಾಬರಿಬೀಳುವುದೂ ಉಂಟು. ಸಾಮಾನ್ಯವಾಗಿ ಒಂದು ದಿನದಲ್ಲಿ ಎಲ್ಲ ಶಮನವಾಗುತ್ತದೆ. ನಿಜವಾದ ಅಪಾಯ ಇರುವುದು ಪುಟ್ಟ ಮಕ್ಕಳಲ್ಲಿ, ಅದೂ ಔಷಧದಿಂದಲ್ಲ, ಇಡೀ ಮಾತ್ರೆ ಗಂಟಲಿಗೆ ಸಿಕ್ಕಿಕೊಳ್ಳುವುದರಿಂದ. ಅದಕ್ಕೇ 3 ವರ್ಷದವರೆಗೆ ಮಾತ್ರೆಯನ್ನು (1ರಿಂದ 2 ವರ್ಷದವರಿಗೆ ಅರ್ಧ ಮಾತ್ರೆಯನ್ನು) ಪುಡಿಮಾಡಿ ನೀರಿನಲ್ಲಿ ಕಲಸಿಯೇ ಕೊಡಬೇಕು, ಅಳುತ್ತಿರುವ ಮಗುವಿನ ಮೂಗು ಹಿಡಿದು ಬಾಯಿಗೆ ತುರುಕಬಾರದು ಎಂಬ ನಿಯಮ. ಜ್ವರ ಬಂದ ಮಗುವಿಗೆ ಆ ದಿನ ಕೊಡುವುದೇ ಬೇಡ.

ಕೆಮಿಕಲ್ ಮಾತ್ರೆಯ ಉಸಾಬರಿಯೇ ಏಕೆ, ನಮ್ಮಲ್ಲಿ ಓಮ ಇಲ್ಲವೇ, ಪಪ್ಪಾಯಿ ಬೀಜ ಇಲ್ಲವೇ ಎನ್ನುವವರಿದ್ದಾರೆ. ಓಮದ ಮಾತಂತೂ ಹುರುಳಿಲ್ಲದ್ದಲ್ಲ. 19ನೇ ಶತಮಾನದ ಕೊನೆಯಿಂದ ಸುಮಾರು ನಲವತ್ತು ವರ್ಷ ಜಗತ್ತೆಲ್ಲ ಕೊಕ್ಕೆಹುಳಕ್ಕೆ ಬಳಸಿದ್ದು ಥೈಮಾಲ್ ಎಂಬ ಹರಳನ್ನು. ಅದರ ಮುಖ್ಯ ಮೂಲ ಭಾರತದಲ್ಲಿ ಬೆಳೆದ ಓಮದ ಕಾಳು. ಒಂದನೇ ಮಹಾಯುದ್ಧದವರೆಗೆ ಈ ಕಾಳು ಹಡಗು ಹತ್ತಿ ಜರ್ಮನಿಗೆ ಹೋಗಿ ಅಲ್ಲಿ ಥೈಮಾಲ್ ಆಗುತ್ತಿತ್ತು. ಅಷ್ಟು ಪ್ರಮಾಣದ ಥೈಮಾಲ್ ಕರುಳಿನಲ್ಲೇ ಉಳಿದರೆ ಹುಳ ಸಾಯುತ್ತಿತ್ತು, ರಕ್ತಕ್ಕೆ ಏರಿದರೆ ರೋಗಿಯೇ ಕುಸಿಯುತ್ತಿದ್ದ. ಎಣ್ಣೆಯಲ್ಲೂ ಹೆಂಡದಲ್ಲೂ ಅದು ಸಲೀಸಾಗಿ ಕರಗುತ್ತದೆ. ಹಾಗಾಗಿ ಆ ದಿನ ಎಣ್ಣೆ, ಬೆಣ್ಣೆ, ಮದ್ಯ ಮುಟ್ಟಬಾರದೆಂದು ವೈದ್ಯರು ಕಟ್ಟಪ್ಪಣೆ ಮಾಡುತ್ತಿದ್ದರು, ಹರಳೆಣ್ಣೆಯ ಬದಲು ಭೇದಿಯುಪ್ಪು ಕೊಡುತ್ತಿದ್ದರು. ಈ ಕಟ್ಟು ಮೀರಿದ ಕೆಲವರು ಸತ್ತದ್ದೂ ಉಂಟು. ಆಮೇಲೆ ಬಂದ ಚಿನೊಪೋಡಿಯಂ ಎಣ್ಣೆಯೂ ಗಿಡದ್ದೇ, ಅದೂ ಪ್ರಾಣ ತೆಗೆಯಿತು. 1921ರಲ್ಲಿ ಅಮೆರಿಕದ ಮಾರಿಸ್ ಹಾಲ್ ಕಂಡುಕೊಂಡ ಕಾರ್ಬನ್ ಟೆಟ್ರಾಕ್ಲೋರೈಡ್ ಲಕ್ಷಾಂತರ ಜನರಿಗೆ ಗುಣ ಕೊಟ್ಟಿತು, ಕುಡಿತದ ಚಟ ಇದ್ದವರ ಯಕೃತ್ತನ್ನು ಸುಟ್ಟಿತು. ಕೊಡಗಿನ ತೋಟದಲ್ಲೇ ಬೆಳೆಯುವ ಅಡಿಕೆಯ ಅರೆಕೋಲಿನ್ ಕೂಡ ಒಂದು ಕಾಲಕ್ಕೆ ನಾಯಿಗಳ ಲಾಡಿಹುಳಕ್ಕೆ ಔಷಧವಾಗಿತ್ತು. ಹುಳವನ್ನು ಕೊಲ್ಲುವಷ್ಟು ತೀಕ್ಷ್ಣವಾದದ್ದು ಗಿಡದ್ದಾದರೂ ಪ್ರಯೋಗಶಾಲೆಯದ್ದಾದರೂ ಅಳತೆಯನ್ನು ಬೇಡುತ್ತದೆ. ಪಪ್ಪಾಯಿ ಬೀಜ ಎಷ್ಟು ಕೊಡಬೇಕು, ಎಷ್ಟು ಕೊಟ್ಟರೆ ಹೆಚ್ಚಾಯಿತು ಎಂಬ ಅಳತೆ ಇನ್ನೂ ಗಟ್ಟಿಯಾಗಿಲ್ಲ. ಅಡುಗೆಯ ಓಮ ಹೊಟ್ಟೆಯುಬ್ಬರಕ್ಕೆ ಒಳ್ಳೆಯದಿರಬಹುದು, ಅದರಿಂದ ಕೊಕ್ಕೆಹುಳ ಸಾಯುವುದಿಲ್ಲ.

ಈಗ ಮಿದುಳಿಗೆ ಬರೋಣ. ಕೊಡಗಿನಲ್ಲಿ ಈ ಮಾತು ಬಂದಾಗೆಲ್ಲ ಪಂದಿಕರಿಯ, ಅಂದರೆ ಹಂದಿಮಾಂಸದ ಸಾರಿನ, ಮೇಲೆ ಆಪಾದನೆ ಬೀಳುತ್ತದೆ. ಅದು ಅರ್ಧ ತಿಳಿವಳಿಕೆಯ ಆಪಾದನೆ. ಹಂದಿಯ ಲಾಡಿಹುಳಕ್ಕೆ ಎರಡು ಅವಸ್ಥೆಗಳಿವೆ. ಸೋಂಕಿದ ಹಂದಿಯ ಮಾಂಸದಲ್ಲಿ ಅಕ್ಕಿಕಾಳಿನಿಂದ ಬಟಾಣಿ ಗಾತ್ರದವರೆಗಿನ ಬಿಳಿ ಚೀಲಗಳಿರುತ್ತವೆ. ಸರಿಯಾಗಿ ಬೇಯದ ಮಾಂಸದೊಂದಿಗೆ ಇದು ಹೊಟ್ಟೆ ಸೇರಿದರೆ ಕರುಳಿನಲ್ಲಿ ಮಾರುದ್ದದ ಲಾಡಿಹುಳ ಬೆಳೆಯುತ್ತದೆ, ಮಿದುಳಿನಲ್ಲಲ್ಲ. ಒಲೆಯ ಮೇಲೆ ಹೊತ್ತುಗಟ್ಟಲೆ ಕುದಿದು, ಕೊನೆಗೆ ಕಾಚಂಪುಳಿಯ ಹುಳಿ ಬಿದ್ದು ಇಳಿಯುವ ಪಂದಿಕರಿಯಲ್ಲಿ ಆ ಚೀಲ ಬದುಕಿರುವುದಿಲ್ಲ. ಕೊಲ್ಲುವುದು ಬೆಂಕಿಯ ಕಾವು, ಹುಳಿಯಲ್ಲ. ಅವಸರದಲ್ಲಿ ಮೇಲೆ ಕರಿದು ಒಳಗೆ ಹಸಿ ಉಳಿದ ತುಂಡಿನ ಬಗ್ಗೆ ಮಾತ್ರ ಹೆದರಬೇಕು. ಮಿದುಳಿಗೆ ಹೋಗುವುದು ಹುಳದ ಮೊಟ್ಟೆ. ಕರುಳಿನಲ್ಲಿ ಲಾಡಿಹುಳ ಇಟ್ಟುಕೊಂಡಿರುವ ಮನುಷ್ಯನ ಮಲದಿಂದ ಅದು ಹೊರಬರುತ್ತದೆ. ತೊಳೆಯದ ಕೈ, ಹಸಿ ಸೊಪ್ಪು, ಕೊಳೆನೀರು ಇವುಗಳ ಮೂಲಕ ಇನ್ನೊಬ್ಬರ ಬಾಯಿ ಸೇರಿ, ಕರುಳಿನಲ್ಲಿ ಒಡೆದು, ರಕ್ತದ ಮೂಲಕ ಸ್ನಾಯು, ಕಣ್ಣು, ಮಿದುಳು ತಲುಪಿ ಚೀಲ ಕಟ್ಟುತ್ತದೆ. ಆದ್ದರಿಂದ ಜೀವಮಾನದಲ್ಲಿ ಮಾಂಸ ಮುಟ್ಟದವರಿಗೂ ಈ ಕಾಯಿಲೆ ಬರುತ್ತದೆ. ನಮ್ಮ ಮನೆಯಲ್ಲಿ ಹಂದಿ ತಿನ್ನುವುದಿಲ್ಲ ಎಂಬ ಧೈರ್ಯಕ್ಕೆ ಆಧಾರವೇ ಇಲ್ಲ.

ಮಿದುಳಿನ ಚೀಲದ ವಿಚಿತ್ರವೆಂದರೆ, ಬದುಕಿರುವಷ್ಟು ಕಾಲ ಅದು ಸದ್ದಿಲ್ಲದೆ ಇರಬಲ್ಲದು. ದೇಹದ ಕಾವಲುಪಡೆಯ ಕಣ್ಣುತಪ್ಪಿಸಿ ವರ್ಷಗಟ್ಟಲೆ ಅಡಗಿರುತ್ತದೆ. ತೊಂದರೆ ಶುರುವಾಗುವುದು ಅದು ಸಾಯತೊಡಗಿದಾಗ. ಒಡೆದ ಚೀಲದ ವಸ್ತು ಸುತ್ತಲಿನ ಮಿದುಳಿಗೆ ತಾಗಿ ಊತ ಬರುತ್ತದೆ, ಆಗ ಫಿಟ್ಸ್. ತಾನಾಗಿ ಸಾಯುವ ಚೀಲ ಮಾಡುವ ಈ ಹಾವಳಿಯನ್ನು ಔಷಧ ಕೆಲವೇ ದಿನಗಳಿಗೆ ಒತ್ತಟ್ಟಿಗೆ ತರುತ್ತದೆ. ಚಿಕಿತ್ಸೆ ಶುರುವಾದ ಮೊದಲ ವಾರದಲ್ಲೇ ತಲೆನೋವು, ಫಿಟ್ಸ್ ಹೆಚ್ಚುವುದು ಈ ಕಾರಣದಿಂದ. ಸ್ಟೀರಾಯ್ಡ್ ಬೇಕಾಗುವುದೂ ಇದಕ್ಕೇ. ಚೀಲ ಕಣ್ಣಿನೊಳಗೆ ಸತ್ತರೆ ದೃಷ್ಟಿಯೇ ಹೋಗಬಹುದು, ಅದಕ್ಕೇ ಕಣ್ಣಿನ ಪರೀಕ್ಷೆ. ಮಿದುಳಿನ ತುಂಬ ಚೀಲಗಳಿದ್ದು ಮೊದಲೇ ಬಾವು ಬಂದಿದ್ದರೆ, ಅಥವಾ ನೀರು ಕಟ್ಟಿಕೊಂಡು ಒತ್ತಡ ಏರಿದ್ದರೆ, ಆ ಸ್ಥಿತಿಯಲ್ಲಿ ಹುಳ ಕೊಲ್ಲುವ ಔಷಧವೇ ಪ್ರಾಣಕ್ಕೆ ಎರವಾಗಬಹುದು. ಅಂಥವರಿಗೆ ಮೊದಲು ಊತಕ್ಕೆ, ಒತ್ತಡಕ್ಕೆ ಚಿಕಿತ್ಸೆ. ಭಾರತದಲ್ಲಿ ಹೆಚ್ಚಾಗಿ ಕಾಣುವುದು ಒಂದೇ ಒಂದು ಸಣ್ಣ ಚುಕ್ಕೆ. ಹಿಂದೆ ಇದನ್ನು ಕ್ಷಯದ ಗಂಟೆಂದು ತಿಳಿದು ತಿಂಗಳುಗಟ್ಟಲೆ ಕ್ಷಯದ ಔಷಧ ಕೊಡುತ್ತಿದ್ದರು. ಅಂಥ ಚುಕ್ಕೆಗಳಲ್ಲಿ ಬಹಳಷ್ಟು ಸಾಯುತ್ತಿರುವ ಹುಳದ ಚೀಲಗಳು, ಎಷ್ಟೋ ತಾವಾಗಿಯೇ ಮಾಯವಾಗುತ್ತವೆ ಎಂದು 1990ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟವರು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು. ಗುರುತು ಹಿಡಿಯುವ ಮೊದಲೇ ಔಷಧಕ್ಕೆ ಕೈಹಾಕಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನಾಡಿನದೇ ಪಾಠ ಇದು.

ಔಷಧ ಕರುಳು ದಾಟುತ್ತದೋ ಇಲ್ಲವೋ ಎಂಬುದು ಎಷ್ಟು ಮುಖ್ಯ ಎಂದು ಲಾಡಿಹುಳದ ಎರಡು ಮದ್ದುಗಳನ್ನು ಹೋಲಿಸಿದರೆ ತಿಳಿಯುತ್ತದೆ. ನಿಕ್ಲೋಸಮೈಡ್ ಕರುಳಿನಲ್ಲೇ ಉಳಿದು ಅಲ್ಲಿರುವ ಹುಳವನ್ನಷ್ಟೇ ಕೊಲ್ಲುತ್ತದೆ. ಪ್ರಾಜಿಕ್ವಾಂಟೆಲ್ ರಕ್ತಕ್ಕೆ ಸೇರಿ ಮಿದುಳನ್ನೂ ಮುಟ್ಟುತ್ತದೆ. ಕರುಳಿನಲ್ಲಿ ಹುಳವಿರುವವನ ಮಿದುಳಿನಲ್ಲಿ ಅವನಿಗೇ ಗೊತ್ತಿಲ್ಲದ ಚೀಲವಿದ್ದರೆ, ಎರಡನೆಯ ಔಷಧದ ಸಣ್ಣ ಪ್ರಮಾಣವೂ ಫಿಟ್ಸ್ ಎಬ್ಬಿಸಬಹುದು. ಅಲ್ಬೆಂಡಜೋಲ್ ಇವೆರಡರ ನಡುವಿನದು. ಒಂದೇ ಮಾತ್ರೆ ಅಗಿದರೆ ರಕ್ತಕ್ಕೆ ಸೇರುವುದು ಅತ್ಯಲ್ಪ, ಜಿಡ್ಡಿನೂಟದ ಜೊತೆ ತೆಗೆದುಕೊಂಡರೆ ರಕ್ತದಲ್ಲಿ ಅದರ ಮಟ್ಟ ಐದು ಪಟ್ಟಿನವರೆಗೆ ಏರುತ್ತದೆ. ಮಿದುಳಿನ ಚಿಕಿತ್ಸೆಯಲ್ಲಿ ಬೇಕೆಂದೇ ಊಟದ ಜೊತೆ, ದಿನಕ್ಕೆ ಎರಡು ಹೊತ್ತು, 10ರಿಂದ 14 ದಿನ ಕೊಡುತ್ತಾರೆ. ಶಾಲೆಯ ಒಂದು ಮಾತ್ರೆಗೂ ಆಸ್ಪತ್ರೆಯ ಈ ಸರಣಿಗೂ ಹೆಸರು ಒಂದೇ, ಮೈಗೆ ಅವು ಎರಡು ಬೇರೆ ಔಷಧಗಳಿದ್ದ ಹಾಗೆ.

ಹಾಗಿದ್ದರೆ ಶಾಲೆಯ ಮಗುವೊಂದರ ಮಿದುಳಿನಲ್ಲಿ ಗೊತ್ತಿಲ್ಲದ ಚೀಲವಿದ್ದರೆ ಏನು ಗತಿ ಎಂದು ಕೇಳಬಹುದು. ಈ ಆಕ್ಷೇಪಣೆ ಗಟ್ಟಿಯಾದದ್ದು. ಒಂದೇ ಮಾತ್ರೆಯಿಂದ ಫಿಟ್ಸ್ ಬಂದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿ ಇಲ್ಲದಿಲ್ಲ, ಆದರೆ ಕೋಟ್ಯಂತರ ಮಾತ್ರೆಗಳಿಗೆ ಹೋಲಿಸಿದರೆ ಬಹಳ ಅಪರೂಪ. ಎಲ್ಲ ಮಕ್ಕಳಿಗೂ ಸ್ಕ್ಯಾನ್ ಮಾಡಿಸಿ ಮಾತ್ರೆ ಕೊಡುವುದು ಆಗದ ಮಾತು, ಬೇಕಾಗಿಯೂ ಇಲ್ಲ. ಬೇಕಾಗಿರುವುದು ಒಂದು ಪ್ರಶ್ನೆ: ಈ ಮಗುವಿಗೆ ಯಾವತ್ತಾದರೂ ಫಿಟ್ಸ್ ಬಂದಿತ್ತೇ, ಬೇರೆ ಔಷಧ ನಡೆಯುತ್ತಿದೆಯೇ? ಹೌದು ಎಂದರೆ ಆ ಮಗು ಸಾಲಿನಿಂದ ಸರಿದು ವೈದ್ಯರ ಬಳಿ ಹೋಗಲಿ. ಫಿನಿಟೋಯಿನ್, ಕಾರ್ಬಮಜೆಪಿನ್‌ನಂಥ ಫಿಟ್ಸ್ ಮಾತ್ರೆಗಳು ಅಲ್ಬೆಂಡಜೋಲಿನ ಬಲವನ್ನೂ ತಗ್ಗಿಸುತ್ತವೆ, ಅದನ್ನೂ ಅವರೇ ಲೆಕ್ಕ ಹಾಕಬೇಕು.

ಹುಳದ ಸಂಖ್ಯೆಯೂ ಲೆಕ್ಕಕ್ಕೆ ಬರುತ್ತದೆ ಎಂಬುದಕ್ಕೆ ಪುರಾವೆ ನಮ್ಮ ಯಾದಗಿರಿ ಜಿಲ್ಲೆಯಿಂದಲೇ ಸಿಗುತ್ತದೆ. ಆನೆಕಾಲು ರೋಗಕ್ಕೆ ಐವರ್‌ಮೆಕ್ಟಿನ್, ಡಿಇಸಿ, ಅಲ್ಬೆಂಡಜೋಲ್ ಮೂರನ್ನೂ ಒಟ್ಟಿಗೆ ಕೊಟ್ಟರೆ ಸುರಕ್ಷಿತವೇ ಎಂದು ಐದು ದೇಶಗಳಲ್ಲಿ 26 ಸಾವಿರಕ್ಕೂ ಹೆಚ್ಚು ಜನರಲ್ಲಿ ಪರೀಕ್ಷಿಸಿದಾಗ ಭಾರತದ ಪಾಲಿನ ಪರೀಕ್ಷೆ ನಡೆದದ್ದು ಅಲ್ಲಿ. 2019ರಲ್ಲಿ ಫಲಿತಾಂಶ ಬಂತು. ಜ್ವರ, ತಲೆನೋವು, ಮೈಕೈನೋವು ಹೆಚ್ಚಾಗಿ ಕಂಡದ್ದು ರಕ್ತದಲ್ಲಿ ಹುಳದ ಮರಿಗಳಿದ್ದವರಲ್ಲಿ, ಅದೂ ಬಹುಪಾಲು ಸೌಮ್ಯವಾಗಿ. ಹುಳವಿಲ್ಲದವರು ಅದೇ ಔಷಧ ನುಂಗಿ ಹೆಚ್ಚಿನ ತೊಂದರೆಯಿಲ್ಲದೆ ಇದ್ದರು. ಮಧ್ಯ ಆಫ್ರಿಕಾದಲ್ಲಿ ಇದೇ ನಿಯಮ ಕ್ರೂರವಾಗಿ ಕಾಣಿಸಿಕೊಂಡಿತು. ಅಲ್ಲಿ ಲೋವಾ ಎಂಬ ಹುಳದ ಮರಿಗಳು ಒಂದು ಮಿಲಿಲೀಟರ್ ರಕ್ತದಲ್ಲಿ 30 ಸಾವಿರ ಮೀರಿದ್ದವರಿಗೆ ಐವರ್‌ಮೆಕ್ಟಿನ್ ಕೊಟ್ಟಾಗ ಕೆಲವರು ಮಿದುಳು ಜಖಂಗೊಂಡು ಕೋಮಾಕ್ಕೆ ಜಾರಿದರು. ಈಗ ಆ ಪ್ರದೇಶಗಳಲ್ಲಿ ವಿಶೇಷ ಎಚ್ಚರಿಕೆಯಿಲ್ಲದೆ ಆ ಔಷಧ ಹಂಚುವುದಿಲ್ಲ. ಲೋವಾ ಭಾರತದಲ್ಲಿಲ್ಲ. ಆ ಊರುಗಳಲ್ಲಿ ದುಡಿದು ಬಂದವರು ಮಾತ್ರ ಹುಳದ ಮಾತ್ರೆಗೆ ಮುಂಚೆ ವೈದ್ಯರಿಗೆ ಅದನ್ನು ತಿಳಿಸಬೇಕು.

ದನ, ಹಂದಿ, ನಾಯಿ ಇರುವ ತೋಟದ ಮನೆಗಳಲ್ಲಿ ಇನ್ನೊಂದು ದಾರಿಯಿಂದ ಅಪಾಯ ಬರುತ್ತದೆ. ಪಶು ಔಷಧದ ಡಬ್ಬಿಯಲ್ಲಿರುವ ಅಲ್ಬೆಂಡಜೋಲ್ ಗುಳಿಗೆಯನ್ನು ಕೈಯಲ್ಲಿ ಹಿಡಿದು ನೋಡಿ. ಬೆರಳುದ್ದದ ಒಂದು ಗುಳಿಗೆಯಲ್ಲಿ 1.5 ಗ್ರಾಂ, ಅಂದರೆ ಮನುಷ್ಯರ ಹತ್ತಿರ ಹತ್ತಿರ ನಾಲ್ಕು ಮಾತ್ರೆಗಳಷ್ಟು. ಪಶುಗಳ ಬಳಕೆಗೆ ಮಾತ್ರ ಎಂಬ ಸಾಲು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಔಷಧ ಒಂದೇ ತಾನೇ, ಮುರಿದು ಕೊಟ್ಟರಾಯಿತು ಎಂಬ ತರ್ಕಕ್ಕೆ ಚರಿತ್ರೆಯ ಬೆಂಬಲವೂ ಇದೆ: ಅಲ್ಬೆಂಡಜೋಲ್, ಐವರ್‌ಮೆಕ್ಟಿನ್ ಎರಡೂ ಮೊದಲು ಬಂದದ್ದು ಜಾನುವಾರುಗಳಿಗೆಂದೇ, ಮನುಷ್ಯರಿಗೆ ಬಂದದ್ದು ಆಮೇಲೆ. ಆದರೆ ಹಾಗೆ ಬರುವಾಗ ಪ್ರಮಾಣ, ಶುದ್ಧತೆ, ಬೆರೆಸುವ ದ್ರಾವಕ ಎಲ್ಲವನ್ನೂ ಮನುಷ್ಯರಿಗೆಂದು ಹೊಸದಾಗಿ ಪರೀಕ್ಷಿಸಿದ್ದಾರೆ. ದನದ ಐವರ್‌ಮೆಕ್ಟಿನ್ ಚುಚ್ಚುಮದ್ದಿನ ಒಂದು ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ ಇರುತ್ತದೆ. ಕಜ್ಜಿಗೆಂದು 60 ಕಿಲೋ ತೂಕದವರಿಗೆ ವೈದ್ಯರು ಬರೆಯುವುದು 12 ಮಿಲಿಗ್ರಾಂ, ಅದೂ ಮಾತ್ರೆಯಾಗಿ. ಅಂಕಿ ಹತ್ತಿರವಿದೆಯೆಂದು ಬಾಟಲಿಯಿಂದ ಕುಡಿದರೆ, ಬಾಯಲ್ಲಿ ತೆಗೆದುಕೊಳ್ಳಲೆಂದು ತಯಾರಿಸದ ದ್ರಾವಕವೂ ಜೊತೆಗೆ ಹೋಗುತ್ತದೆ, ಕೈ ಜಾರಿದರೆ ಪ್ರಮಾಣವೂ ಹಲವು ಪಟ್ಟಾಗುತ್ತದೆ. ಐವರ್‌ಮೆಕ್ಟಿನ್ ಮಿದುಳಿಗೆ ಹೋಗದಂತೆ ನಮ್ಮ ರಕ್ತನಾಳದ ಗೋಡೆಯಲ್ಲಿರುವ ಒಂದು ಪ್ರೋಟೀನು ಅದನ್ನು ಹೊರದೂಡುತ್ತಿರುತ್ತದೆ. ಆ ಪ್ರೋಟೀನಿನಲ್ಲಿ ದೋಷವಿರುವ ಕೋಲಿ ತಳಿಯ ನಾಯಿಗಳು ಹೆಚ್ಚಿನ ಪ್ರಮಾಣದ ಐವರ್‌ಮೆಕ್ಟಿನ್ ತಾಳದೆ ಸಾಯುತ್ತವೆ. ಪ್ರಮಾಣ ಮಿತಿಮೀರಿದರೆ ಮನುಷ್ಯರಲ್ಲೂ ಆ ಕಾವಲು ಸೋಲುತ್ತದೆ: ಮಂಪರು, ತೂರಾಟ, ಫಿಟ್ಸ್. 2021ರಲ್ಲಿ ಕೋವಿಡ್ ಹೆಸರಿನಲ್ಲಿ ಈ ಔಷಧ ದೇಶದಾದ್ಯಂತ ಮನಬಂದಂತೆ ಬಳಕೆಯಾಯಿತು. ಅದೇ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಪ್ರಯೋಗಗಳ ಹೊರಗೆ ಕೋವಿಡ್‌ಗೆ ಅದನ್ನು ಬಳಸಬೇಡಿ ಎಂದು ಹೇಳಿತ್ತು. ಹುಳಕ್ಕೆ ಒಳ್ಳೆಯದೆಂದು ಸಾಬೀತಾದದ್ದು ವೈರಸ್ಸಿಗೂ ಆಗುತ್ತದೆ ಎಂಬುದಕ್ಕೆ ದೊಡ್ಡ ಪ್ರಯೋಗಗಳಲ್ಲಿ ಆಧಾರ ಸಿಗಲಿಲ್ಲ.

ಬಸುರಿಯರ ವಿಷಯ ಸ್ಪಷ್ಟವಾಗಿದೆ. ಮೊದಲ ಮೂರು ತಿಂಗಳು ಅಲ್ಬೆಂಡಜೋಲ್ ಬೇಡ. ಅದು ದಾಟಿದ ಮೇಲೆ, ಕೊಕ್ಕೆಹುಳ ಮತ್ತು ರಕ್ತಹೀನತೆ ಎರಡೂ ಹೆಚ್ಚಿರುವ ಕಡೆ ವೈದ್ಯರ ಸಲಹೆಯಂತೆ ಒಂದು ಮಾತ್ರೆ ಕೊಡಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಹೊಟ್ಟೆಯಲ್ಲಿ ಮಗುವಿದೆಯೆಂದು ಹುಳವನ್ನೂ ಸಾಕಿಕೊಳ್ಳುವುದು ಎಚ್ಚರಿಕೆಯಲ್ಲ.

ಇಷ್ಟೆಲ್ಲ ನೋಡಿದ ಮೇಲೆ ಕೊಡಗಿನ ಮಟ್ಟಿಗೆ ಒಂದು ಕೊರತೆ ಎದ್ದು ಕಾಣುತ್ತದೆ. ಜಂತುಹುಳು ನಿವಾರಣಾ ದಿನದ ಮಾತ್ರೆ 19 ವರ್ಷಕ್ಕೆ ನಿಲ್ಲುತ್ತದೆ. ದುಂಡುಹುಳ, ಚಾಟಿಹುಳಗಳ ಹಾವಳಿ ಮಕ್ಕಳಲ್ಲಿ ಹೆಚ್ಚು ನಿಜ. ಕೊಕ್ಕೆಹುಳ ಮಾತ್ರ ಮಣ್ಣಿನಲ್ಲಿ ದುಡಿಯುವ ದೊಡ್ಡವರನ್ನು ಬಿಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಅಪಾಯದಲ್ಲಿರುವವರ ಪಟ್ಟಿಯಲ್ಲಿ ಟೀ ಎಲೆ ಕೀಳುವವರನ್ನು ಹೆಸರಿಸಿದೆ. ಕಾಫಿ ಕುಯ್ಯುವವರ, ಕಪಾತು ಮಾಡುವವರ, ಕಳೆ ತೆಗೆಯುವವರ ಕಾಲ ಕೆಳಗಿನ ಮಣ್ಣೂ ಅಂಥದ್ದೇ. ಅಸ್ಸಾಮಿನಿಂದ ಬಂದು ತೋಟದ ಕೂಲಿಗಳ ಲೈನ್‌ಮನೆಯಲ್ಲಿ ಇಳಿದವರಿಗಾಗಲಿ, ಹಾಡಿಯಿಂದ ದಿನಗೂಲಿಗೆ ಬರುವ ಯರವ, ಜೇನುಕುರುಬ ಹೆಂಗಸರಿಗಾಗಲಿ ಶಾಲೆಯ ಮಾತ್ರೆ ತಲುಪುವುದಿಲ್ಲ. ಸುಸ್ತಾದಾಗ ಅವರು ಹೋಗುವುದು ಮೆಡಿಕಲ್ ಶಾಪಿಗೆ, ಅಲ್ಲಿ ಸಿಗುವುದು ಪ್ರಶ್ನೆಯಿಲ್ಲದ ಮಾತ್ರೆ. ಆ ಒಂದು ಮಾತ್ರೆ ಕೊಕ್ಕೆಹುಳ ಇರುವವರಲ್ಲಿ ನೂರಕ್ಕೆ 80ರಷ್ಟು ಜನರನ್ನು ಗುಣಪಡಿಸುತ್ತದೆ, ಚಾಟಿಹುಳದಲ್ಲಿ 30ರಷ್ಟು ಜನರನ್ನು ಮಾತ್ರ. ಹೋದ ಹುಳ ಅದೇ ಮಣ್ಣಿನಿಂದ ಮತ್ತೆ ಬರುತ್ತದೆ. ತೋಟದಲ್ಲಿ ಕುಡಿಯುವ ನೀರು, ಶೌಚಾಲಯ, ವೈದ್ಯಕೀಯ ಸೌಲಭ್ಯ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆಯಷ್ಟು ಹಿಂದೆಯೇ ಬರೆದಾಗಿದೆ. ಕಾಫಿ ಕೊಯ್ಲು ಶುರುವಾಗುವ ಮುನ್ನ ತೋಟದ ಮಾಲೀಕರು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಲೈನ್‌ಮನೆಗೆ ಕರೆಸಲಿ. ಎಲ್ಲರ ಮಲಪರೀಕ್ಷೆ, ರಕ್ತಪರೀಕ್ಷೆ ಆಗಲಿ. ಫಿಟ್ಸ್ ಬಂದವರು ಯಾರು, ಬಸುರಿಯರು ಯಾರು ಎಂದು ಅವರವರ ಭಾಷೆಯಲ್ಲೇ ಕೇಳಿ ತಿಳಿದು, ಆಮೇಲೆ ಮಾತ್ರೆ ಕೊಡಲಿ. ಕೆಲಸಕ್ಕೆ ಗಂಬೂಟು ಕೊಡಲಿ, ಕಾಫಿ ಗಿಡಗಳ ಮರೆಗೆ ಯಾರೂ ಹೋಗಬೇಕಾಗದಂತೆ ನೀರಿರುವ ಶೌಚಾಲಯ ಕಟ್ಟಿಸಲಿ.